ಮಗನ ತೋಳಿಗೆ ಯಾವ ಪಟ್ಟಿ ಸುತ್ತಿದರು?

ಪ್ರಶ್ನೆ: ಮಗನ ಶಾಲೆಯಲ್ಲಿ ಕಳೆದ ತಿಂಗಳು ಆರೋಗ್ಯ ತಪಾಸಣೆ ಆಯಿತು. ಅವನಿಗೆ 9 ವರ್ಷ, ಸ್ವಲ್ಪ ದಪ್ಪ ಮೈ. ಬಿ.ಪಿ. 122/78 ಎಂದು ಬರೆದು ಕಳಿಸಿದ್ದಾರೆ. 120/80 ಸರಿ ಅಂತಾರಲ್ವಾ, ಹಾಗಾದ್ರೆ ಇದೂ ಸರಿ ತಾನೇ? ಮಕ್ಕಳಿಗೂ ಬಿ.ಪಿ. ನೋಡಬೇಕಾ ಡಾಕ್ಟ್ರೇ? ಯಜಮಾನರಿಗೆ 44. ಆಫೀಸಿನ ಶಿಬಿರದಲ್ಲಿ 148/94 ಬಂತು. ‘ತಲೆನೋವಿಲ್ಲ, ತಲೆಸುತ್ತಿಲ್ಲ’ ಎಂದು ಮತ್ತೆ ತೋರಿಸಲು ಒಪ್ಪುತ್ತಿಲ್ಲ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲು ಮಗನ ವಿಷಯ. 120/80 ದೊಡ್ಡವರ ಲೆಕ್ಕ. 13 ವರ್ಷದೊಳಗಿನ ಮಕ್ಕಳಿಗೆ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂದು ನೋಡಿ ಬೇರೆ ಚಾರ್ಟ್ ಇದೆ. ಅದರ ಪ್ರಕಾರ 9 ವರ್ಷದ ಹುಡುಗನಿಗೆ 122 ಜಾಸ್ತಿಯೇ. ಆದರೆ ಗಾಬರಿ ಬೇಡ.

ತೋಳಿಗೆ ಯಾವ ಪಟ್ಟಿ ಸುತ್ತಿದ್ದರು? ಮಕ್ಕಳಲ್ವಾ ಅಂತ ಚಿಕ್ಕ ಪಟ್ಟಿ ಸುತ್ತಿಬಿಡುತ್ತಾರೆ. ದಪ್ಪ ತೋಳಿಗೆ ಅದು ಸಾಲುವುದಿಲ್ಲ. ಪಟ್ಟಿ ಚಿಕ್ಕದಾದರೆ ಬಿ.ಪಿ. ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅದರೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟಾದರೂ ಸುತ್ತಿಕೊಳ್ಳಬೇಕು. ಮಾಟುಂಗದ ನನ್ನ ಕ್ಲಿನಿಕ್ಕಿಗೆ ಇಂಥದೇ ಹುಡುಗನೊಬ್ಬ ಬಂದಿದ್ದ. ಚಿಕ್ಕ ಪಟ್ಟಿಯಲ್ಲಿ 120, ದೊಡ್ಡವರ ಪಟ್ಟಿಯಲ್ಲಿ 108. ಅವನ ತಾಯಿ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟರು. ಎರಡು ವಾರ ನಿದ್ದೆ ಮಾಡಿರಲಿಲ್ಲ ಪಾಪ.

ಒಂದೆರಡು ವಾರ ಬಿಟ್ಟು ಮಕ್ಕಳ ಡಾಕ್ಟರ ಹತ್ತಿರ ಮತ್ತೆ ನೋಡಿಸಿ. ಬಲಗೈಯಲ್ಲೇ ಅಳೆಯಲಿ, ಸ್ಟೆತಸ್ಕೋಪ್ ಇಟ್ಟು ಅಳೆಯಲಿ. ಬೇರೆ ಬೇರೆ ದಿನ ಮೂರು ಭೇಟಿಯಲ್ಲೂ ಜಾಸ್ತಿ ಬಂದರೆ ಮಾತ್ರ ಬಿ.ಪಿ. ಇದೆ ಎನ್ನುತ್ತೇವೆ. ಆಗ ಕಿಡ್ನಿ ನೋಡಬೇಕು, ಕಾಲಿನಲ್ಲೂ ಒಮ್ಮೆ ಅಳೆಯಬೇಕು. ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಕಿರಿದಾಗಿದ್ದರೆ ಕೈಯಲ್ಲಿ ಜಾಸ್ತಿ, ಕಾಲಿನಲ್ಲಿ ಕಡಿಮೆ ಬರುತ್ತದೆ.

ಮಕ್ಕಳಿಗೆ ನೋಡಬೇಕಾ ಅಂದಿರಿ. 3 ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ನೋಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೇಳಿತು. ತೊಂದರೆ ಇಲ್ಲದ ಮಕ್ಕಳಲ್ಲಿ ಇದರಿಂದ ಲಾಭ ಎನ್ನಲು ಪುರಾವೆ ಸಾಲದು ಎಂದು ಅಲ್ಲಿನದೇ ಇನ್ನೊಂದು ತಜ್ಞರ ತಂಡ 2020ರಲ್ಲಿ ಹೇಳಿತು. ನಾನು ಅಳೆಯುವವರ ಪಕ್ಷ. ದಪ್ಪ ಮೈಯ ಮಕ್ಕಳಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರ ಹತ್ತಿರ ಹೋದಾಗಲೆಲ್ಲ ಅಳೆಸಿ.

ಈಗ ಯಜಮಾನರು. ನನ್ನ ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಅವರಿಗೂ ತಲೆನೋವಿರಲಿಲ್ಲ. 51ನೇ ವಯಸ್ಸಿನಲ್ಲಿ ಒಂದು ಬೆಳಗ್ಗೆ ಚಿಲ್ಲರೆ ಎಣಿಸುತ್ತಿದ್ದಾಗ ಬಲಗೈ ಸೋತಿತು. ಲಕ್ವ. ಆಸ್ಪತ್ರೆಯಲ್ಲಿ ಅಳೆದದ್ದೇ ಅವರ ಜೀವನದ ಮೊದಲ ಬಿ.ಪಿ. ಮತ್ತೆ ಆ ಕೈಯಲ್ಲಿ ಪೆನ್ನು ಹಿಡಿಯಲಿಲ್ಲ. ಬಿ.ಪಿ. ಜಾಸ್ತಿ ಇದ್ದರೂ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ 40 ದಾಟಿದವರು ವರ್ಷಕ್ಕೊಮ್ಮೆಯಾದರೂ ನೋಡಿಸಲೇಬೇಕು.

ಲೋಕಲ್ ರೈಲು ಇಳಿದು, ಸೇತುವೆ ಹತ್ತಿ, ಚಹಾ ಕುಡಿದು ಶಿಬಿರಕ್ಕೆ ಹೋಗಿದ್ದರೆ ಆ 148 ಪೂರ್ತಿ ನಿಜವಾಗಿರಲಿಕ್ಕಿಲ್ಲ. ಮಣಿಕಟ್ಟಿನ ಯಂತ್ರ ಬೇಡ, ತೋಳಿನದು ತನ್ನಿ. ಅಳೆಯುವ ಮುಂಚೆ ಅರ್ಧ ಗಂಟೆ ಚಹಾ, ಬೀಡಿ, ಸಿಗರೇಟು ಬೇಡ. ಮೂತ್ರ ಮಾಡಿ ಬಂದು, ಕುರ್ಚಿಗೆ ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ನೆ ಕೂರಲಿ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ನೀವೂ ಮಾತಾಡಿಸಬೇಡಿ. ಬೆಳಗ್ಗೆ ಎರಡು ಸಲ, ರಾತ್ರಿ ಎರಡು ಸಲ, ಒಂದು ವಾರ ಬರೆದಿಡಿ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಮನೆಯ ಲೆಕ್ಕದಲ್ಲಿ 135/85 ಮುಟ್ಟಿದರೆ ಡಾಕ್ಟರಿಗೆ ತೋರಿಸಲೇಬೇಕು. ಕಡಿಮೆ ಬಂದರೂ ಆ ಚೀಟಿ ಒಮ್ಮೆ ತೋರಿಸಿ.

ಸಾಧ್ಯವಾದರೆ ಇಬ್ಬರನ್ನೂ ಒಂದೇ ದಿನ ಕರೆದುಕೊಂಡು ಹೋಗಿ. ಅಪ್ಪ ಮೊದಲು ತೋಳು ಚಾಚಿದರೆ ಮಗನಿಗೂ ಹೆದರಿಕೆ ಇರುವುದಿಲ್ಲ. ಇಬ್ಬರದೂ ಎಷ್ಟು ಬಂತು ಎಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.