ಹದಿನೆಂಟು ಅಂಗಡಿ ಬೇಡ, ಒಂದು ಸಾಕು

ನಮಸ್ಕಾರ,

ನಗರದ ಮುಖ್ಯರಸ್ತೆಯಲ್ಲಿ ಮಾಯವಾದ ಅಂಗಡಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ. ಅದಕ್ಕೆ ಕಾರಣ ನಿಮ್ಮ ಗಡಿಯಾರ ರಿಪೇರಿಯವರು.

ರಸ್ತೆಯ ಒಂದು ತುದಿಯಿಂದ ಹೊರಟು ಹದಿನೆಂಟು ಅಂಗಡಿ ದಾಟುತ್ತೀರಿ. ಒಂದೊಂದಕ್ಕೂ ಎರಡು ಮೂರು ಸಾಲು, ಕೊನೆಗೆ 'ಈಗ ಅದೂ ಇಲ್ಲ'. ನಾಲ್ಕನೇ ಅಂಗಡಿ ಹೊತ್ತಿಗೆ ಆ ಮಾತು ಬಂದೇ ಬರುತ್ತದೆ ಅಂತ ಓದುಗರಿಗೆ ಗೊತ್ತಾಗಿಬಿಡುತ್ತದೆ. ಆ ರಸ್ತೆಯಲ್ಲಿ ಓಡಾಡಿದವರಿಗೆ ಹೆಸರು ಕೇಳಿದರೇ ಖುಷಿ. ಓಡಾಡದವರಿಗೆ ಇದು ಬರೀ ಬೋರ್ಡುಗಳ ಪಟ್ಟಿ. ಅಂಗಡಿಯವರಂತೂ ಎಲ್ಲರೂ ನಗುಮುಖದವರು. ಹದಿನೆಂಟು ಜನರಲ್ಲಿ ಒಬ್ಬರೂ ಸಿಡುಕರಿಲ್ಲ, ತೂಕದಲ್ಲಿ ಕೈಚಳಕ ತೋರಿಸಿದವರಿಲ್ಲ. ನಂಬೋದು ಕಷ್ಟ ಅಲ್ವಾ?

ಗಡಿಯಾರದ ಭಾಗ ಹಾಗಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಎತ್ತುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು ಎಂದು ಬರೆದಿದ್ದೀರಿ. ಅದನ್ನು ನೀವು ನಿಂತು ನೋಡಿದ್ದೀರಿ. ಆದರೆ ಅಂಗಡಿ ಯಾಕೆ ಮುಚ್ಚಿತು ಅನ್ನುವಲ್ಲಿ 'ಕಾಲ ಎಲ್ಲವನ್ನೂ ನುಂಗಿತು' ಅಂತ ಮುಗಿಸಿದ್ದೀರಿ. ಆ ಸಾಲನ್ನು ಯಾವ ಅಂಗಡಿಗೆ ಬೇಕಾದರೂ ಅಂಟಿಸಬಹುದು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೊ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರ, ಅಂದರೆ ಕೀಲಿ ಬೇಡದ, ಸೆಲ್‌ನಿಂದ ಓಡುವ ಗಡಿಯಾರ, ಮಾರಿತು. ಆಗ ಅದಕ್ಕೆ ಒಂದು ಕಾರಿನ ಬೆಲೆ. ಆಮೇಲೆ ಅಗ್ಗವಾಗುತ್ತಾ ಬಂತು. ಕೀಲಿ ಕೊಡುವ ಗಡಿಯಾರವನ್ನು ಕೆಲವು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಬೇಕು. ಕ್ವಾರ್ಟ್ಜ್‌ಗೆ ಹೆಚ್ಚಾಗಿ ಸೆಲ್ ಬದಲಿಸಿದರೆ ಮುಗಿಯಿತು. ತೀರಾ ಕೆಟ್ಟರೆ ಒಳಗಿನ ಮೆಷಿನ್ನನ್ನೇ ಹೊಸದು ಹಾಕೋದು ಸುಲಭ. ಅಂದರೆ ಗಿರಾಕಿಗಳು ಬರುತ್ತಿದ್ದಿರಬಹುದು, ಆದರೆ ಇವರು ಕಲಿತಿದ್ದ ಕೆಲಸ ಬರಲಿಲ್ಲ. ಆ ವರ್ಷಗಳಲ್ಲಿ ಮೇಜಿನ ಮುಂದೆ ಕೂತು ಏನು ಮಾಡುತ್ತಿದ್ದರು? ಬಾಡಿಗೆ ಹೇಗೆ ಕಟ್ಟಿದರು? ಕಟ್ಟಡದವರೇ ಬಿಡಿಸಿದರಾ? ಮನೆಯವರನ್ನು ಕೇಳಿ. ಅಲ್ಲಿ ಕೆಲಸ ಕಲಿತ ಹುಡುಗನನ್ನೂ ಕೇಳಿ. ಮನೆಯವರಿಗಿಂತ ಕೆಲಸದವರೇ ಜಾಸ್ತಿ ಹೇಳುತ್ತಾರೆ, ನಾನು ಕಂಡಂತೆ.

ಇಸವಿಗಳನ್ನು ಸರಿಮಾಡಿ. 1980ರಲ್ಲಿ ಕ್ಯಾಸೆಟ್ ಅಂಗಡಿಯಲ್ಲಿ ಸಿಡಿ ಕೊಂಡೆ ಅಂದಿದ್ದೀರಿ. ಜಪಾನಿನಲ್ಲೇ ಸಿಡಿ ಮಾರಾಟಕ್ಕೆ ಬಂದದ್ದು 1982ರಲ್ಲಿ. ನೆನಪು ಹೀಗೆ ಹಿಂದುಮುಂದಾಗುವುದು ಸಹಜ. ಆದರೆ ಅಚ್ಚಿಗೆ ಕೊಡುವ ಮುಂಚೆ ಹಳೆಯ ಟೆಲಿಫೋನ್ ಡೈರೆಕ್ಟರಿ, ಪತ್ರಿಕೆಗಳ ಜಾಹೀರಾತು, ಯಾರದೋ ಪೆಟ್ಟಿಗೆಯಲ್ಲಿ ಉಳಿದ ಬಿಲ್ಲು ನೋಡಿ. ಮೆರವಣಿಗೆಯ ಫೋಟೊಗಳ ಹಿಂದೆಯೂ ಅಂಗಡಿಗಳ ಬೋರ್ಡು ಸಿಗುತ್ತವೆ. ಬೋರ್ಡಿನ ಫೋನ್ ನಂಬರಿನಲ್ಲಿ ಎಷ್ಟು ಅಂಕಿ ಇದೆ ಅಂತ ಎಣಿಸಿದರೂ ಫೋಟೊ ಯಾವ ಕಾಲದ್ದು ಅಂತ ಅಂದಾಜು ಸಿಗುತ್ತದೆ.

ಮಾಲ್‌ಗಳನ್ನು ಬೈದ ಪ್ಯಾರಾ ತೆಗೆದುಬಿಡಿ. ಇಡಲೇಬೇಕು ಅಂದರೆ, ನೀವೇ ಕೊನೆಯ ಸಲ ಯಾವಾಗ ಆ ಅಂಗಡಿಗೆ ಗಡಿಯಾರ ಒಯ್ದಿರಿ ಅನ್ನೋದನ್ನೂ ಬರೆಯಿರಿ. ಉಳಿದ ಹದಿನೇಳರಲ್ಲಿ ಅಕ್ಕಪಕ್ಕದ ಎರಡು ಹಾಗೇ ಬಂದುಹೋಗಲಿ, ಸಾಕು. ಎಂಟುನೂರು ಪದ ಮೀರಬೇಡಿ. ನನಗೇನೂ ಆತುರವಿಲ್ಲ. ಆದರೆ ಕೆಲಸ ಕಲಿತ ಆ ಹುಡುಗನಿಗೂ ಈಗ ವಯಸ್ಸಾಗಿರುತ್ತದೆ, ಅವರನ್ನು ಮೊದಲು ಹುಡುಕಿ.