ಕಾರವಾರದ ಸೆಕೆಯಲ್ಲಿ ಗಿನಿಪಿಗ್ ಸಾಕಬಹುದಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವಿರುವುದು ಕಾರವಾರದ ಕೋಡಿಬಾಗದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ಮಗಳು ನಾಲ್ಕನೇ ಕ್ಲಾಸು, ಮಗ ಯುಕೆಜಿ. ಹುಬ್ಬಳ್ಳಿಗೆ ಹೋದಾಗ ಒಂದು ಅಂಗಡಿಯಲ್ಲಿ ಗಿನಿಪಿಗ್ ಅನ್ನುವ, ಇಲಿ ಜಾತಿಯ ಪುಟ್ಟ ಪ್ರಾಣಿ ನೋಡಿದರು, ಆವತ್ತಿನಿಂದ ಇಬ್ಬರದೂ ಒಂದೇ ಹಟ. 'ಒಂದೇ ಸಾಕು, ಕ್ಯಾರೆಟ್ ಹಾಕಿದರೆ ಆಯ್ತು' ಅಂದರು ಅಂಗಡಿಯವರು. ಜೂನ್‌ನಲ್ಲಿ ಮಗಳ ಹುಟ್ಟುಹಬ್ಬ, ಅಷ್ಟರೊಳಗೆ ತರೋಣವಾ? ಮೇ ರಜೆಯಲ್ಲಿ ನಾವು ಶಿರಸಿ ಕಡೆಯ ತವರಿಗೆ ಹೋಗುತ್ತೇವೆ. ಪಕ್ಕದ ಮನೆಯಲ್ಲಿ ಮೊಲ ಇದೆ, ಅದರ ಜೊತೆ ಬಿಡಬಹುದಾ?

ಉತ್ತರ: ಜೂನ್‌ನಲ್ಲಿ ಬೇಡ. ಸಾಕಲೇಬೇಡಿ ಅಂತ ಹೇಳುತ್ತಿಲ್ಲ. ಆದರೆ ಮಳೆ ಹಿಡಿಯುವ ಹೊತ್ತಿಗೆ ಬೇಡ, ಹುಟ್ಟುಹಬ್ಬದ ಉಡುಗೊರೆ ಅಂತಂತೂ ಬೇಡವೇ ಬೇಡ. ಗಿನಿಪಿಗ್ 5ರಿಂದ 8 ವರ್ಷ ಬದುಕುತ್ತದೆ. ನಿಮ್ಮ ಮಗ ದೊಡ್ಡ ಕ್ಲಾಸಿಗೆ ಬರುವವರೆಗೂ ದಿನಾ ಯಾರಾದರೂ ಹುಲ್ಲು ಹಾಕಬೇಕು, ನೀರು ಬದಲಿಸಬೇಕು, ಹಿಕ್ಕೆ ಗುಡಿಸಬೇಕು. ಅದು ನಿಮ್ಮ ತಲೆಗೇ ಬರುತ್ತದೆ. ಮಕ್ಕಳ ಆಸೆ ಪಕ್ಕಕ್ಕಿಟ್ಟು, ನಿಮಗೂ ನಿಮ್ಮ ಯಜಮಾನರಿಗೂ ಆ ಪ್ರಾಣಿ ಬೇಕಾ ಅಂತ ಮೊದಲು ಕೇಳಿಕೊಳ್ಳಿ. ಬೇಕು ಅನ್ನಿಸಿದರೆ ಮಾತ್ರ ಮುಂದೆ ಓದಿ.

ಅಂಗಡಿಯವರು ಹೇಳಿದ ಎರಡು ಮಾತೂ ಸರಿಯಲ್ಲ. ಇವು ಗುಂಪಿನಲ್ಲಿ ಬದುಕುವ ಜೀವ, ಒಂಟಿಯಾಗಿಟ್ಟರೆ ಸೊರಗುತ್ತವೆ. ಎರಡು ತನ್ನಿ, ಎರಡೂ ಹೆಣ್ಣು ಅಥವಾ ಎರಡೂ ಗಂಡು. ಅಂಗಡಿಯಲ್ಲಿ ಗಂಡು ಹೆಣ್ಣು ಗುರುತಿಸುವುದರಲ್ಲಿ ತಪ್ಪಾಗುತ್ತದೆ, ಆದ್ದರಿಂದ ಡಾಕ್ಟರಿಗೆ ತೋರಿಸಿಯೇ ಜೊತೆಗೆ ಬಿಡಿ. ಇಲ್ಲವಾದರೆ ಸುಮಾರು ಎರಡು ತಿಂಗಳಿಗೆ ಮರಿ, ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಗಬ್ಬ ಆಗಬಹುದು. ಆ ಮರಿಗಳನ್ನೆಲ್ಲ ಯಾರಿಗೆ ಕೊಡುತ್ತೀರಿ?

ಕ್ಯಾರೆಟ್ ಸಿಹಿ, ಯಾವಾಗಲಾದರೂ ಒಂದು ಚೂರು ಸಾಕು. ಮುಖ್ಯ ಊಟ ಒಣಹುಲ್ಲು, ಅದು ಎಲ್ಲ ಹೊತ್ತೂ ಎದುರಿಗೆ ಇರಬೇಕು. ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅಗಿದು ಅಗಿದೇ ಸವೆಯಬೇಕು. ಇನ್ನೊಂದು, ನಮ್ಮ ಹಾಗೆ ಇವುಗಳ ಮೈಯಲ್ಲೂ ವಿಟಮಿನ್ ಸಿ ತಯಾರಾಗುವುದಿಲ್ಲ. ದಿನಾ ಒಂದು ತುಂಡು ದೊಣ್ಣೆಮೆಣಸು, ಸ್ವಲ್ಪ ಕೊತ್ತಂಬರಿ ಸೊಪ್ಪು ಕೊಡಿ. ಗರಿಕೆಯನ್ನು ಖುಷಿಯಿಂದ ತಿನ್ನುತ್ತವೆ, ಆದರೆ ಔಷಧಿ ಹೊಡೆದ ಜಾಗದ್ದು, ಬೀದಿನಾಯಿ ಓಡಾಡುವ ರಸ್ತೆಬದಿಯದ್ದು ಬೇಡ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹಾಕಲೇಬಾರದು.

ಈಗ ನಮ್ಮ ಕರಾವಳಿಯ ತೊಂದರೆಗೆ ಬರುತ್ತೇನೆ, ಏಕೆಂದರೆ ಹೊರಗಿನವರು ಕೊಡುವ ಸಲಹೆಯಲ್ಲಿ ಇದು ಇರುವುದಿಲ್ಲ. ಇವುಗಳ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ತಂಪು ಹವೆ. 18ರಿಂದ 24 ಡಿಗ್ರಿ ಹಿತ, 27 ದಾಟಿದರೆ ಅಪಾಯ ಶುರು, ಮೇಲಿಂದ ತೇವವೂ ಸೇರಿದರೆ ಇನ್ನೂ ಕಷ್ಟ. ಏಪ್ರಿಲ್ ಮೇ ತಿಂಗಳ ಕಾರವಾರ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಪಡುವಣ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಇಟ್ಟರೆ ಒಂದೇ ಮಧ್ಯಾಹ್ನದಲ್ಲಿ ಸತ್ತುಹೋಗಬಹುದು. ಮನೆಯೊಳಗೆ ಅತಿ ತಂಪಾದ ಕೋಣೆ ಯಾವುದೋ ಅಲ್ಲೇ ಗೂಡು ಇರಬೇಕು, ಸೆಕೆಗಾಲದ ಮಧ್ಯಾಹ್ನ ಎಸಿ ಹಾಕುವ ಅನುಕೂಲ ಇಲ್ಲದಿದ್ದರೆ ನನ್ನ ಉತ್ತರ ಬೇಡ ಅಂತಲೇ. ನೀರು ತುಂಬಿ ಫ್ರೀಜರಿನಲ್ಲಿಟ್ಟ ಬಾಟಲಿಗೆ ಬಟ್ಟೆ ಸುತ್ತಿ ಇಟ್ಟರೆ ಕರೆಂಟು ಹೋದಾಗ ಸ್ವಲ್ಪ ಹೊತ್ತಿಗೆ ಆಗುತ್ತದೆ, ಇಡೀ ಬೇಸಿಗೆಗೆ ಆಗುವುದಿಲ್ಲ.

ಮಳೆಗಾಲದ ಕಥೆ ಬೇರೆ. ಮಕ್ಕಳ ಯೂನಿಫಾರ್ಮೇ ಒಣಗದ ಜುಲೈನಲ್ಲಿ ಗೂಡಿಗೆ ಹಾಸುವ ಬಟ್ಟೆ ಒಣಗಿಸುವುದು ಎಲ್ಲಿ? ಒದ್ದೆ ಹಾಸಿನಿಂದ ಚರ್ಮಕ್ಕೆ, ಪಾದಕ್ಕೆ ಹುಣ್ಣು, ಮೇಲೆ ಫಂಗಸ್. ಅದು ಮಕ್ಕಳಿಗೂ ಹುಳಕಡ್ಡಿಯಾಗಿ ಹತ್ತಬಹುದು. ಹುಲ್ಲಿಗೆ ಬೂಷ್ಟು ಬಂದರೆ ಕೊಡಲೇಬೇಡಿ. ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಚೆನ್ನಾಗಿ ಒಣಗಿದ್ದನ್ನು ಮೊದಲೇ ತುಂಬಿಡಬೇಕು. ಅದಕ್ಕೇ ಹೇಳುವುದು, ತರುವುದಾದರೆ ದೀಪಾವಳಿ ಕಳೆದ ಮೇಲೆ ತನ್ನಿ, ಮಳೆಗೆ ಮುಂಚೆ ಕಲಿತುಕೊಳ್ಳಲು ಆರು ತಿಂಗಳು ಸಿಗುತ್ತವೆ.

ಅಷ್ಟರೊಳಗೆ ಒಂದು ಕೆಲಸ ಮಾಡಿ. ಪಶು ಆಸ್ಪತ್ರೆಗೆ ಹೋಗಿ, ಗಿನಿಪಿಗ್ ನೋಡುತ್ತೀರಾ ಅಂತ ಕೇಳಿ. ದನ, ನಾಯಿಯಷ್ಟೇ ನೋಡುವ ಡಾಕ್ಟರಾದರೆ ಗೋವಾ ಕಡೆ ಯಾರಿದ್ದಾರೆ ಅಂತ ವಿಚಾರಿಸಿಡಿ. ಇವು ಅರ್ಧ ದಿನ ಊಟ ಬಿಟ್ಟರೂ ತುರ್ತು. ಮನೆಯಲ್ಲಿರುವ ಮಕ್ಕಳ ಆಂಟಿಬಯಾಟಿಕ್ ಕೊಡಬೇಡಿ, ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಕರುಳು ಕೆಟ್ಟು ಸಾಯುತ್ತವೆ.

ಮಗ ಸಣ್ಣವನು, ನೆಲದ ಮೇಲೆ ಕೂತೇ ಎತ್ತಿಕೊಳ್ಳಲಿ, ಕೈತಪ್ಪಿ ಬಿದ್ದರೆ ಬೆನ್ನು ಮುರಿಯುತ್ತದೆ. ತವರಿಗೆ ಹೋಗುವಾಗ ಮೇ ಬಿಸಿಲಲ್ಲಿ ಘಟ್ಟ ಹತ್ತಿಸಿ ಕರೆದೊಯ್ಯುವ ಯೋಚನೆ ಬಿಡಿ, ನೋಡಿಕೊಳ್ಳಲು ಕಾರವಾರದಲ್ಲೇ ಒಬ್ಬರನ್ನು ಹುಡುಕಿ, ಅವರು ಒಪ್ಪಿದ ಮೇಲೆಯೇ ಪ್ರಾಣಿ ತನ್ನಿ. ಮೊಲದ ಜೊತೆ ಮಾತ್ರ ಬಿಡಬೇಡಿ. ಮೊಲ ಒದ್ದರೆ ಗಿನಿಪಿಗ್‌ಗೆ ಪೆಟ್ಟಾಗುತ್ತದೆ, ಮೊಲಕ್ಕೆ ಏನೂ ಮಾಡದ ಬಾರ್ಡೆಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದಕ್ಕೆ ನ್ಯುಮೋನಿಯಾ ತರುತ್ತದೆ.