ಕೃತಕ ಜೀವಕೋಶದ ಅನುದಾನ ಮತ್ತು ‘ಬೇಡ’ ಎನ್ನುವ ಅಧಿಕಾರ

ಮಾನ್ಯ ಓದುಗರೆ,

ಕೃತಕ ಜೀವಕೋಶಗಳ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನಕ್ಕೆ ಪ್ರತಿಕ್ರಿಯೆಯಾಗಿ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಪ್ರಯೋಗಶಾಲೆಯಲ್ಲಿ ಜೀವಕೋಶ ಕಟ್ಟುವ ಕೆಲಸಕ್ಕೆ ಸರ್ಕಾರಗಳು ತೆರಿಗೆಯ ಹಣ ಸುರಿಯುವುದು ಸಲ್ಲದು ಎಂಬುದು ತಮ್ಮ ಮೊದಲ ಆಕ್ಷೇಪ. ಅದೇ ಅನುದಾನದಲ್ಲಿ ಒಂದು ಪಾಲನ್ನು ‘ಸಾಮಾಜಿಕ ಪರಿಣಾಮಗಳ ಅಧ್ಯಯನ’ಕ್ಕೆಂದು ತೆಗೆದಿರಿಸುವುದು ಬರೀ ದೃಷ್ಟಿಬೊಟ್ಟು ಎಂಬುದು ಎರಡನೆಯದು. “ಅಪಾಯವಿದ್ದರೆ ಕೆಲಸವನ್ನೇ ನಿಲ್ಲಿಸಲಿ, ಇಲ್ಲವಾದರೆ ಈ ಪಂಡಿತರಿಗೆ ಸಂಬಳವೇಕೆ?” ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದಾದ್ದರಿಂದ ಈ ಉತ್ತರದ ಬಹುಪಾಲು ಅದಕ್ಕೇ ಮೀಸಲು.

ಅದಕ್ಕೂ ಮುನ್ನ ಒಂದು ತಪ್ಪೊಪ್ಪಿಗೆ. ಲೇಖನಕ್ಕೆ ನಾವು ಕೊಟ್ಟ ‘ಜೀವ ಸೃಷ್ಟಿಸಿದ ಮನುಷ್ಯ’ ಎಂಬ ತಲೆಬರಹ ತಮ್ಮನ್ನು ಕೆರಳಿಸಿದೆ. ಅದು ವಾಸ್ತವಕ್ಕೆ ಸರಿಹೊಂದುವಂಥದ್ದೂ ಅಲ್ಲ. 2010ರಲ್ಲಿ ಅಮೆರಿಕದ ಜೀವವಿಜ್ಞಾನಿ ಕ್ರೇಗ್ ವೆಂಟರ್ ಅವರ ತಂಡ ಮಾಡಿದ್ದು ಇಷ್ಟು: ರಾಸಾಯನಿಕವಾಗಿ ತಯಾರಿಸಿದ ತುಣುಕುಗಳನ್ನು ಜೋಡಿಸಿ ಸುಮಾರು 10.8 ಲಕ್ಷ ಪ್ರತ್ಯಾಮ್ಲ ಜೋಡಿಗಳ (ಡಿಎನ್‌ಎಯ ‘ಅಕ್ಷರ’ಗಳ) ಒಂದು ಜೀನೋಮ್, ಎಂದರೆ ಜೀವಿಯೊಂದರ ಇಡೀ ಆನುವಂಶಿಕ ಪಠ್ಯ, ಕಟ್ಟಿ, ಅದನ್ನು ಮೈಕೋಪ್ಲಾಸ್ಮಾ ಕುಲದ ಬೇರೊಂದು ಬ್ಯಾಕ್ಟೀರಿಯಾದ ಕೋಶದೊಳಗೆ ಕೂರಿಸಿ, ಆ ಕೋಶ ಹೊಸ ಜೀನೋಮಿನ ಅಣತಿಯಂತೆ ಬೆಳೆದು ವಿಭಜಿಸುವಂತೆ ಮಾಡಿತು. ಪೊರೆ, ಪ್ರೋಟೀನು ತಯಾರಿಸುವ ರೈಬೋಸೋಮ್, ಕಿಣ್ವ ಎಲ್ಲವೂ ಎರವಲು. ಜೀನೋಮಿನ ಪಠ್ಯ ಕೂಡ ಬಹುಮಟ್ಟಿಗೆ ನಿಸರ್ಗದಿಂದಲೇ ನಕಲು ಮಾಡಿದ್ದು. ಮನೆ ಹಳೆಯದು, ಒಳಗೆ ಬಂದ ಯಜಮಾನ ಮಾತ್ರ ಹೊಸಬ.

ಕರಡು ತಿದ್ದುವುದೇ ಕಸುಬಾದ ನನಗೆ ಆ ಪ್ರಯೋಗದಲ್ಲಿ ಮರೆಯಲಾಗದ ಸಂಗತಿ ಬೇರೆಯೇ ಇದೆ. ಹತ್ತು ಲಕ್ಷಕ್ಕೂ ಮಿಕ್ಕಿದ ಅಕ್ಷರಗಳ ಆ ಪಠ್ಯದಲ್ಲಿ, ಡಿಎನ್‌ಎ ನಕಲಾಗುವ ಕ್ರಿಯೆಗೆ ಚಾಲನೆ ಕೊಡುವ ಜೀನ್ ಒಂದರೊಳಗೆ, ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು. ಅಷ್ಟಕ್ಕೇ ಕೋಶ ಜೀವ ತಳೆಯಲಿಲ್ಲ. ಹಲವು ವಾರಗಳು ಆ ದೋಷದ ಹುಡುಕಾಟದಲ್ಲೇ ಕಳೆದವು. ಇಷ್ಟು ಸಾಲದೆಂಬಂತೆ, ಗುರುತಿಗೆಂದು ಅದೇ ಜೀನೋಮಿನಲ್ಲಿ ಸಂಕೇತರೂಪದಲ್ಲಿ ಬರೆದಿಟ್ಟಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ ಮಾತೊಂದು ತಪ್ಪಾಗಿ ಉದ್ಧೃತವಾಗಿದೆ ಎಂಬುದು ಆಮೇಲೆ ಬೆಳಕಿಗೆ ಬಂತು.

ಇನ್ನು ತಮ್ಮ ಮೊದಲ ಆಕ್ಷೇಪ. 2016ರಲ್ಲಿ ಅದೇ ತಂಡ ಬದುಕಿಗೆ ಬೇಡವೆನಿಸಿದ ಜೀನ್‌ಗಳನ್ನೆಲ್ಲ ಕಿತ್ತುಹಾಕಿ 473 ಜೀನ್‌ಗಳಷ್ಟೇ ಇರುವ ಕೋಶವೊಂದನ್ನು ರೂಪಿಸಿತು. ಅವುಗಳಲ್ಲಿ 149 ಜೀನ್‌ಗಳು ಏನು ಮಾಡುತ್ತವೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ತೆಗೆದರೆ ಕೋಶ ಸಾಯುತ್ತದೆ ಅಥವಾ ಸೊರಗುತ್ತದೆ, ಏಕೆಂದು ಮಾತ್ರ ಗೊತ್ತಿಲ್ಲ. ಸೂಕ್ಷ್ಮದರ್ಶಕದಡಿ ಆ ಕೋಶಗಳ ವಿಭಜನೆಯೂ ವಿಚಿತ್ರವಾಗಿತ್ತು: ಕೆಲವು ಮಣಿಸರದಂತೆ ಒಂದಕ್ಕೊಂದು ಅಂಟಿಕೊಂಡಿದ್ದರೆ ಕೆಲವು ಅಳತೆ ಮೀರಿ ಉಬ್ಬಿದ್ದವು. ಕಿತ್ತುಹಾಕಿದ್ದರಲ್ಲಿ 19 ಜೀನ್‌ಗಳನ್ನು ಮರಳಿ ಸೇರಿಸಿದಾಗ ಕೋಶಗಳು ಮತ್ತೆ ಒಂದೇ ಗಾತ್ರದಲ್ಲಿ, ದುಂಡಗೆ ವಿಭಜಿಸತೊಡಗಿದವು. ಅವುಗಳ ಪೈಕಿ ಈ ಕ್ರಮಬದ್ಧ ವಿಭಜನೆಗೆ ಬೇಕಾದವು ಏಳು ಎಂದು 2021ರಲ್ಲಿ ಗೊತ್ತಾಯಿತು. ಅತ್ಯಂತ ಸರಳವಾದ ಜೀವಿಯ ಬಗೆಗೂ ನಮ್ಮ ತಿಳಿವಳಿಕೆ ಎಷ್ಟು ಕಡಿಮೆ ಎಂಬುದು ಹೀಗೆ ಕಟ್ಟಿ ನೋಡಿದಾಗಷ್ಟೇ ಅಳತೆಗೆ ಸಿಗುತ್ತದೆ, ಮತ್ತು ಇಂಥ ಅಳತೆಯಿಂದ ನಾಳೆಗೇ ಲಾಭ ಬರುವುದಿಲ್ಲವಾದ್ದರಿಂದ ಖಾಸಗಿ ಬಂಡವಾಳ ಅದಕ್ಕೆ ಸುಲಭವಾಗಿ ಒದಗುವುದಿಲ್ಲ. ನೆದರ್ಲೆಂಡ್ಸ್ 2017ರಲ್ಲಿ, ನಿರ್ಜೀವ ಅಣುಗಳಿಂದಲೇ ಆರಂಭಿಸಿ ಕೋಶ ಕಟ್ಟುವ ಹತ್ತು ವರ್ಷಗಳ ಯೋಜನೆಗೆ 1.88 ಕೋಟಿ ಯೂರೊ ಕೊಟ್ಟಿದ್ದರ ಹಿಂದೆ ಈ ತರ್ಕವಿದೆ ಎಂದು ನನ್ನ ತಿಳಿವಳಿಕೆ. ಇದು ತಮಗೆ ಒಪ್ಪಿಗೆಯಾಗದಿದ್ದರೆ ನಾನು ಹೆಚ್ಚು ವಾದಿಸಲಾರೆ. ಯಾವ ಜ್ಞಾನಕ್ಕೆ ಎಷ್ಟು ಹಣ ಎಂಬುದು ಕೊನೆಗೂ ಪ್ರಜೆಗಳು ತೀರ್ಮಾನಿಸಬೇಕಾದ ವಿಷಯ.

ದೃಷ್ಟಿಬೊಟ್ಟಿನ ಮಾತಿಗೆ ಬರುತ್ತೇನೆ. ಸಂಶೋಧನೆಯ ಜೊತೆಗೇ ಅದರ ಪರಿಣಾಮಗಳ ಅಧ್ಯಯನಕ್ಕೂ ಹಣ ಕೊಡುವ ಪದ್ಧತಿಗೆ ನೆಲೆ ಸಿಕ್ಕಿದ್ದು 1990ರಲ್ಲಿ, ಮಾನವ ಜೀನೋಮ್ ಯೋಜನೆಯ ಮೂಲಕ. ಅಮೆರಿಕದಲ್ಲಿ ಅದರ ಆಯವ್ಯಯದ ಶೇ 3ರಷ್ಟು, ಮುಂದೆ ಶೇ 5ರಷ್ಟು ಹಣ ನೈತಿಕ, ಕಾನೂನಾತ್ಮಕ, ಸಾಮಾಜಿಕ ಪ್ರಶ್ನೆಗಳಿಗೆ ಮೀಸಲಾಯಿತು. ಒಳ್ಳೆಯ ಅಧ್ಯಯನಗಳು ಬಂದವು, ಸಂದೇಹವಿಲ್ಲ. ಆದರೆ ಅವು ಯೋಜನೆಯ ಪಕ್ಕದಲ್ಲಿ ನಡೆದವೇ ಹೊರತು ಯೋಜನೆಯ ದಿಕ್ಕು ಬದಲಿಸುವ ಅಧಿಕಾರ ಅವುಗಳಿಗೆ ಇರಲಿಲ್ಲ. ಸಂಶ್ಲೇಷಿತ ಜೀವವಿಜ್ಞಾನಕ್ಕೆಂದು (ಜೀವಿಗಳನ್ನು ಎಂಜಿನಿಯರಿಂಗ್ ಬಗೆಯಲ್ಲಿ ರೂಪಿಸುವ ಶಾಸ್ತ್ರಕ್ಕೆಂದು) 2006ರಲ್ಲಿ ಅಮೆರಿಕ ಸರ್ಕಾರದ ಅನುದಾನ ಸಂಸ್ಥೆಯಾದ ನ್ಯಾಷನಲ್ ಸೈನ್ಸ್ ಫೌಂಡೇಶನ್ ನೆರವಿನಿಂದ ಆರಂಭವಾದ ಸಂಶೋಧನಾ ಕೇಂದ್ರದಲ್ಲಿ ಮಾನವಶಾಸ್ತ್ರಜ್ಞ ಪಾಲ್ ರಾಬಿನೊ ಅವರಿಗೆ ಇಂಥದ್ದೇ ಹೊಣೆ ವಹಿಸಲಾಗಿತ್ತು. ತಮ್ಮ ಪ್ರಶ್ನೆಗಳಿಗೆ ಎಂಜಿನಿಯರುಗಳು ಕಿವಿಗೊಡಲಿಲ್ಲ ಎಂಬ ದೂರಿನೊಂದಿಗೆ ಕೆಲವೇ ವರ್ಷಗಳಲ್ಲಿ ಆ ಸಂಬಂಧ ಮುರಿದುಬಿತ್ತು. 2010ರಲ್ಲಿ ವೆಂಟರ್ ಘೋಷಣೆ ಹೊರಬಿದ್ದ ಮೇಲೆ ಅಧ್ಯಕ್ಷ ಬರಾಕ್ ಒಬಾಮ ತಮ್ಮ ಜೈವಿಕ ನೀತಿ ಆಯೋಗದಿಂದ ವರದಿ ಕೇಳಿದರು, ಆಯೋಗ ಆ ವರ್ಷದ ಕೊನೆಗೆ 18 ಶಿಫಾರಸುಗಳನ್ನು ಕೊಟ್ಟಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ತಾವು ಇದಕ್ಕೆ ಹೇಳಿದರೆ ಅರ್ಧದಷ್ಟಾದರೂ ಒಪ್ಪುತ್ತೇನೆ.

ಆದರೆ ಬಾಗಿಲು ಮುಂಚೆಯೇ ಹಾಕಿದ ಒಂದು ನಿದರ್ಶನವೂ ಇದೆ. ನಮ್ಮ ಎಡಗೈ ಬಲಗೈಗಳಂತೆ ಜೀವದ ಅಣುಗಳಿಗೂ ಒಂದು ಬದಿಯಿದೆ: ಭೂಮಿಯ ಮೇಲಿನ ಜೀವಿಗಳೆಲ್ಲ ಪ್ರೋಟೀನುಗಳನ್ನು ಕಟ್ಟುವುದು ಎಡಗೈ ಬಗೆಯ ಅಮೈನೊ ಆಮ್ಲಗಳಿಂದ, ಡಿಎನ್‌ಎ ಕಟ್ಟುವುದು ಬಲಗೈ ಬಗೆಯ ಸಕ್ಕರೆಯಿಂದ. ಎರಡನ್ನೂ ಅದಲುಬದಲು ಮಾಡಿ, ಕನ್ನಡಿಯ ಪ್ರತಿಬಿಂಬದಂಥ ಕೋಶ ಕಟ್ಟಲು ಸಾಧ್ಯವೇ ಎಂದು ಅನ್ವೇಷಿಸಲು 2019ರಲ್ಲಿ ಅದೇ ನ್ಯಾಷನಲ್ ಸೈನ್ಸ್ ಫೌಂಡೇಶನ್ ಒಂದು ಗುಂಪಿಗೆ ಅನುದಾನ ಕೊಟ್ಟಿತು. ಅದರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿ ಕೇಟ್ ಅಡಮಾಲಾ ಇದ್ದರು. ಕನ್ನಡಿ ಅಣುಗಳನ್ನು ದೇಹದ ಕಿಣ್ವಗಳು ಕತ್ತರಿಸಲಾರವು, ಆದ್ದರಿಂದ ಅವುಗಳಿಂದ ಬಹುಕಾಲ ಉಳಿಯುವ ಔಷಧಗಳು ಸಿಗಬಹುದು ಎಂಬುದು ಆಕರ್ಷಣೆ. ಕತ್ತರಿಸಲಾರದ ಆ ಗುಣವೇ ಇಡೀ ಬ್ಯಾಕ್ಟೀರಿಯಾಕ್ಕೆ ಬಂದರೆ ಏನಾದೀತು? ಮನುಷ್ಯ, ಪ್ರಾಣಿ, ಸಸ್ಯಗಳ ರೋಗನಿರೋಧಕ ವ್ಯವಸ್ಥೆ ಅದನ್ನು ಸರಿಯಾಗಿ ಗುರುತಿಸದೆ ಹೋಗಬಹುದು, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್‌ಗಳ ಹಿಡಿತಕ್ಕೂ ಅದು ಸಿಗದಿರಬಹುದು. ಇದು ಮನವರಿಕೆಯಾದಾಗ ಅಡಮಾಲಾ ಆ ಗುರಿಯನ್ನೇ ಕೈಬಿಟ್ಟರು. 2024ರ ಡಿಸೆಂಬರಿನಲ್ಲಿ 38 ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಒಟ್ಟಾಗಿ ಬರೆದು, ಕನ್ನಡಿ ಬ್ಯಾಕ್ಟೀರಿಯಾ ಸೃಷ್ಟಿಗೆ ಹಣ ಕೊಡುವುದಿಲ್ಲವೆಂದು ಅನುದಾನ ಸಂಸ್ಥೆಗಳು ಸ್ಪಷ್ಟಪಡಿಸಬೇಕೆಂದು ಕೋರಿದರು. ಸಹಿ ಹಾಕಿದವರಲ್ಲಿ ಅಡಮಾಲಾ ಮಾತ್ರವಲ್ಲ, ವೆಂಟರ್ ಕೂಡ ಇದ್ದರು. ಅಂಥ ಜೀವಿ ಸಿದ್ಧವಾಗಲು ಇನ್ನೂ ಹತ್ತು ವರ್ಷವಾದರೂ ಬೇಕೆಂಬುದು ಅವರದೇ ಅಂದಾಜು.

ತಮ್ಮ ‘ಅಪಾಯವಿದ್ದರೆ ನಿಲ್ಲಿಸಿ’ ಎಂಬ ಮಾತಿನ ತೊಡಕು ಇಲ್ಲಿ ಕಾಣುತ್ತದೆ. ಅನುದಾನ ಮಂಜೂರಾದ ದಿನ ಅಪಾಯ ಯಾರ ಕಣ್ಣಿಗೂ ಇಷ್ಟು ನಿಚ್ಚಳವಾಗಿರಲಿಲ್ಲ. ರೋಗನಿರೋಧಕ ಶಾಸ್ತ್ರ, ಪರಿಸರ ವಿಜ್ಞಾನ, ಜೈವಿಕ ಸುರಕ್ಷತೆಗಳನ್ನು ಬಲ್ಲವರು ಕೋಶ ಕಟ್ಟುವವರ ಜೊತೆ ಕುಳಿತು ಲೆಕ್ಕ ಹಾಕಿದ ಮೇಲಷ್ಟೇ ಗೊತ್ತಾಯಿತು. ಹಾಗೆ ಕುಳಿತು ಲೆಕ್ಕ ಹಾಕುವುದಕ್ಕೂ ಸಮಯ ಬೇಕು, ಹಣ ಬೇಕು. ಹಾಗೆಂದು ತಮ್ಮ ಅನುಮಾನ ಪೂರ್ತಿ ಹುಸಿಯೂ ಅಲ್ಲ. ಇಲ್ಲಿ ಮಾತಿಗೆ ತೂಕ ಬಂದದ್ದು ಕೆಲಸ ನಿಲ್ಲಿಸಬಲ್ಲವರೇ ಮುಂದೆ ನಿಂತು ‘ಬೇಡ’ ಎಂದದ್ದರಿಂದ. ಆದ್ದರಿಂದ ಸಾಮಾಜಿಕ ಅಧ್ಯಯನಕ್ಕೆ ಶೇಕಡಾ ಎಷ್ಟು ಎಂಬ ಚರ್ಚೆಗಿಂತ, ಅನುದಾನದ ಮುಂದಿನ ಕಂತು ಬಿಡುಗಡೆಯಾಗುವ ಮುನ್ನ ಆ ಅಧ್ಯಯನ ನಡೆಸಿದವರ ಒಪ್ಪಿಗೆ ಕಡ್ಡಾಯವೇ ಎಂಬ ಚರ್ಚೆ ನನಗೆ ಮುಖ್ಯ. 2025ರಲ್ಲಿ ಬ್ರಿಟನ್ನಿನ ದತ್ತಿ ಸಂಸ್ಥೆ ವೆಲ್‌ಕಮ್ ಮಾನವ ಜೀನೋಮಿನ ಸಂಶ್ಲೇಷಣೆಯತ್ತ ಮೊದಲ ಹೆಜ್ಜೆಗೆ ಒಂದು ಕೋಟಿ ಪೌಂಡ್ ಘೋಷಿಸಿದಾಗ, ಕೆಂಟ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಜಾಯ್ ಜಾಂಗ್ ನೇತೃತ್ವದ ಸಾಮಾಜಿಕ ಅಧ್ಯಯನವನ್ನೂ ಮೊದಲ ದಿನದಿಂದಲೇ ಜೊತೆಗಿಟ್ಟಿತು. ಅದನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಪರಿಣಾಮವೆಂದರೆ ಅಪಾಯವೊಂದೇ ಅಲ್ಲ. ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ಅನ್ನು ಮಾರ್ಪಡಿಸಿದ ಯೀಸ್ಟ್ ನೆರವಿನಿಂದ ತಯಾರಿಸುವ ಕಾರ್ಖಾನೆ 2013ರಲ್ಲಿ ಉತ್ಪಾದನೆ ಆರಂಭಿಸಿದಾಗ, ಆ ಔಷಧಿಯ ಮೂಲವಾದ ಮೂಲಿಕೆ ಬೆಳೆಯುವ ಚೀನಾ, ವಿಯೆಟ್ನಾಂ, ಪೂರ್ವ ಆಫ್ರಿಕಾದ ರೈತರು ಬೀದಿಗೆ ಬೀಳುತ್ತಾರೆ ಎಂದವರಿದ್ದರು, ಔಷಧಿಯ ಕೊರತೆ ನೀಗಿತು ಎಂದವರೂ ಇದ್ದರು. ಮೂಲಿಕೆಯಿಂದ ತೆಗೆದ ಔಷಧಿಯ ಬೆಲೆ ಇಳಿದು ಯೀಸ್ಟಿನದು ಸ್ಪರ್ಧಿಸಲಾರದೆ ಹೋಯಿತು, ಮೂರು ವರ್ಷಗಳಲ್ಲಿ ಆ ಕಾರ್ಖಾನೆ ಕೈಬದಲಾಯಿತು. ಇಬ್ಬರ ಲೆಕ್ಕವೂ ತಪ್ಪಿತ್ತು.

ಆ 473 ಜೀನ್‌ಗಳ ಕೋಶ ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡರೆ ಗತಿ ಏನು ಎಂದೂ ಕೇಳಿದ್ದೀರಿ. ತನಗೆ ಬೇಕಾದ ಪೋಷಕಾಂಶಗಳನ್ನು ತಯಾರಿಸಿಕೊಳ್ಳುವ ಜೀನ್‌ಗಳು ಅದಕ್ಕೆ ಹೆಚ್ಚುಕಡಿಮೆ ಉಳಿದೇ ಇಲ್ಲ; ಎಲ್ಲವನ್ನೂ ಬೆರೆಸಿದ ಸಮೃದ್ಧ ದ್ರವದಲ್ಲಷ್ಟೇ ಅದು ಬದುಕುತ್ತದೆ. ಹೊರಗಿನ ಮಣ್ಣಿಗೋ ನೀರಿಗೋ ಬಿದ್ದರೆ ಉಳಿಯುವಂಥದ್ದಲ್ಲ. ಈ ಭರವಸೆಯನ್ನು ನಾನು ಕೊಡುತ್ತಿರುವುದು ಆ ಒಂದು ಕೋಶಕ್ಕೆ ಮಾತ್ರ. ತಲೆಬರಹದ ತಿದ್ದುಪಡಿ ಈ ಸಂಚಿಕೆಯಲ್ಲೇ ಪ್ರಕಟವಾಗಿದೆ.

ಸಂಪಾದಕ